ಹಳೆಯ ಕಾರಿನ ಎಂಜಿನ್ ಮತ್ತು ಆಯಿಲ್ ಲೆಕ್ಕ: ಬಿಚ್ಚುವ ಮುನ್ನ ತಿಳಿಯಬೇಕಾದ ಸಂಗತಿಗಳು

ನಮ್ಮ ನಾಡಿನ ಅನೇಕ ವರ್ತಕ ಮನೆತನಗಳಲ್ಲಿ ತಂದೆಯ ಅಥವಾ ತಾತನ ಕಾಲದ ಅಂಬಾಸಿಡರ್ ಕಾರೊಂದು ಇಂದಿಗೂ ಶೆಡ್ಡಿನಲ್ಲಿ ಉಳಿದಿರುವುದುಂಟು. ಅಂಗಡಿಯ ಏಳಿಗೆಯೊಂದಿಗೆ ಮನೆಗೆ ಬಂದ ವಾಹನವಾದ್ದರಿಂದ ಅದನ್ನು ಮಾರಲು ಯಾರಿಗೂ ಮನಸ್ಸಾಗದು. ಹಬ್ಬಕ್ಕೋ ಮದುವೆಗೋ ಹೊರತೆಗೆದಾಗ ಅದರ ಬಗ್ಗೆ ಕೇಳಿಬರುವ ಮೊದಲ ದೂರು ಒಂದೇ: "ಎಂಜಿನ್ ಆಯಿಲ್ ಕುಡಿಯುತ್ತಿದೆ." ಅದಕ್ಕೆ ಗ್ಯಾರೇಜಿನಿಂದ ದೊರೆಯುವ ಉತ್ತರವೂ ಬಹುತೇಕ ಒಂದೇ: "ಬೋರ್ ಹೋಗಿದೆ, ಎಂಜಿನ್ ಇಳಿಸಬೇಕು."

ಈ ಉತ್ತರ ಕೆಲವೊಮ್ಮೆ ಸರಿಯಾಗಿಯೇ ಇರುತ್ತದೆ. ಆದರೆ ಪರೀಕ್ಷೆಗೆ ಮೊದಲೇ ಬರುವ ತೀರ್ಮಾನವನ್ನು ವ್ಯಾಪಾರಸ್ಥರು ತಮ್ಮ ಅಂಗಡಿಯಲ್ಲಿ ಎಂದೂ ಒಪ್ಪುವುದಿಲ್ಲ. ಗೋದಾಮಿನಲ್ಲಿ ಸರಕು ಕಡಿಮೆ ಬಂದರೆ ಕಾವಲುಗಾರನನ್ನು ದೂರುವ ಮುನ್ನ ಆರಂಭದ ದಾಸ್ತಾನು ಸರಿಯಿದೆಯೇ, ತಕ್ಕಡಿ ಸರಿಯಿದೆಯೇ, ಹೊರಹೋದ ಸರಕಿಗೆ ಬಿಲ್ಲಾಗಿದೆಯೇ ಎಂದು ನೋಡುತ್ತಾರೆ. ಎಂಜಿನ್ನಿನ ಆಯಿಲ್ ಕೊರತೆಗೂ ಇದೇ ಕ್ರಮ ಅನ್ವಯಿಸುತ್ತದೆ. ಮೊದಲು ಅಳತೆ, ಆಮೇಲೆ ಖರ್ಚಿಲ್ಲದ ಪರೀಕ್ಷೆ, ನಂತರ ಅಲ್ಪ ಖರ್ಚಿನ ದುರಸ್ತಿ, ಕಟ್ಟಕಡೆಗೆ ಲೇತ್ ಕೆಲಸ. ಈ ಅನುಕ್ರಮವನ್ನು ತಪ್ಪಿಸಿದರೆ ಹಣ ಹೋಗುವುದಷ್ಟೇ ಅಲ್ಲ, ಮರಳಿ ದೊರೆಯದ ವಸ್ತುವೊಂದು ಸವೆದುಹೋಗುತ್ತದೆ.

1. ಸವೆಯುವ ಬಂಡವಾಳ

ಅಂಬಾಸಿಡರ್ ಕಾರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಮಾದರಿಯನ್ನು ಆಧರಿಸಿದ್ದು. ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ಅದನ್ನು ತಯಾರಿಸಿತು. 2014ರಲ್ಲಿ ತಯಾರಿಕೆ ನಿಂತಿತು. 1960 ಮತ್ತು 70ರ ದಶಕಗಳ ಪೆಟ್ರೋಲ್ ಅಂಬಾಸಿಡರ್‌ಗಳಲ್ಲಿ ಪ್ರಸಿದ್ಧವಾದದ್ದು ಬಿ.ಎಂ.ಸಿ. ಸಂಸ್ಥೆಯ 1489 ಸಿ.ಸಿ. ಎಂಜಿನ್. ಇದರ ಸಿಲಿಂಡರ್ ವ್ಯಾಸ ಸುಮಾರು 73 ಮಿಲಿಮೀಟರ್, ಪಿಸ್ಟನ್ ಓಡಾಟ ಸುಮಾರು 89 ಮಿಲಿಮೀಟರ್.

ಈ ಎಂಜಿನ್ನಿನ ಬ್ಲಾಕ್ ಎರಕದ ಕಬ್ಬಿಣದ್ದು. ಸಿಲಿಂಡರ್ ಸವೆದಾಗ ಅದನ್ನು ಕೊರೆದು ಹಿಗ್ಗಿಸಿ ದೊಡ್ಡ ಪಿಸ್ಟನ್ ಹಾಕಬಹುದು. ಇಂತಹ ಹಿಗ್ಗಿಸುವಿಕೆಗೆ ನಿಗದಿತ ಮೆಟ್ಟಿಲುಗಳಿವೆ: ಒಂದು ಅಂಗುಲದ ಸಾವಿರ ಭಾಗದಲ್ಲಿ 10, 20, 30 ಮತ್ತು 40. ನಲವತ್ತನೆಯ ಸೈಜ್ ಮುಗಿದ ಮೇಲೆ ಸಿಲಿಂಡರಿಗೆ ಸ್ಲೀವ್ ಹೊಡೆಸುವುದೇ ಸಾಮಾನ್ಯ ದಾರಿ. ಅಂದರೆ ಪ್ರತಿಯೊಂದು ಬ್ಲಾಕಿಗೆ ನಾಲ್ಕು ಕಂತುಗಳ ಆಯುಷ್ಯವಿದೆ ಎಂದು ತಿಳಿಯಬಹುದು. ಅಗತ್ಯವಿಲ್ಲದೆ ಒಮ್ಮೆ ಬೋರ್ ಹೊಡೆಸುವುದೆಂದರೆ ಮೂಲಧನದ ಒಂದು ಕಂತನ್ನು ಬಡ್ಡಿಯ ಖಾತೆಗೆ ಖರ್ಚು ಬರೆದಂತೆ.

ಇದಕ್ಕೆ ಕಾನೂನಿನ ಮುಖವೂ ಒಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ವಾಣಿಜ್ಯ ಬಳಕೆಯಲ್ಲಿರದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಬಹುದು. ಆದರೆ ವಾಹನವು ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆದ್ದರಿಂದ "ಹಳೆಯ ಎಂಜಿನ್ ಬಿಸಾಡಿ ಬೇರೆ ಎಂಜಿನ್ ಕೂರಿಸಿ" ಎಂಬ ಸುಲಭ ಸಲಹೆಯನ್ನು ಒಪ್ಪುವ ಮುನ್ನ ಮಾಲೀಕರು ಈ ಅಂಶವನ್ನು ಪರಿಗಣಿಸುವುದು ಅವಶ್ಯ. ಮೂಲ ಬ್ಲಾಕ್ ಉಳಿದರೆ ಮಾತ್ರ ಕಾರಿನ ಹಳಮೆಗೆ ಬೆಲೆ.

2. ಮೊದಲು ಅಳತೆ

"ತುಂಬಾ ಆಯಿಲ್ ಹೋಗುತ್ತಿದೆ" ಎಂಬುದು ಅಂದಾಜೇ ಹೊರತು ಲೆಕ್ಕವಲ್ಲ. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದು ಲೆಕ್ಕ. ಇದಕ್ಕೆ ಒಂದು ಸಣ್ಣ ಪುಸ್ತಕ, ಗುರುತು ಹಾಕಿದ ಅಳತೆಯ ಪಾತ್ರೆ ಮತ್ತು ಸ್ವಲ್ಪ ಶಿಸ್ತು ಇದ್ದರೆ ಸಾಕು.

ಕಾರನ್ನು ಪ್ರತಿ ಬಾರಿಯೂ ಒಂದೇ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ರಾತ್ರಿ ಕಳೆದ ಮೇಲೆ ಬೆಳಿಗ್ಗೆ ಎಂಜಿನ್ ಚಾಲೂ ಮಾಡುವ ಮುನ್ನ ಡಿಪ್‌ಸ್ಟಿಕ್ ನೋಡಬೇಕು. ಓಡಿಬಂದ ಕೂಡಲೇ ನೋಡಿದರೆ ಆಯಿಲಿನ ಒಂದು ಭಾಗ ಇನ್ನೂ ಮೇಲೆಯೇ ಇರುವುದರಿಂದ ಮಟ್ಟ ಕಡಿಮೆ ಕಾಣುತ್ತದೆ. ಮೇಲಿನ ಗುರುತಿಗೆ ತರಲು ಎಷ್ಟು ಮಿಲಿಲೀಟರ್ ಹಾಕಲಾಯಿತು ಎಂಬುದನ್ನು ದಿನಾಂಕ ಮತ್ತು ಮೀಟರ್ ಓದಿನೊಂದಿಗೆ ಬರೆದಿಡಬೇಕು. ಕನಿಷ್ಠ 500 ಕಿಲೋಮೀಟರಿನ ಲೆಕ್ಕವಾದರೂ ಬೇಕು.

ಇಲ್ಲಿ ಅಳತೆಯ ಸಾಧನಗಳನ್ನೇ ಪರೀಕ್ಷಿಸುವುದು ಅಗತ್ಯ. ಹಳೆಯ ಕಾರಿನ ಕಿಲೋಮೀಟರ್ ಮೀಟರ್ ತಪ್ಪು ತೋರಿಸುವುದು ಸಾಮಾನ್ಯ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳೊಂದಿಗೆ ಅದನ್ನು ಹೋಲಿಸಿ ನೋಡಬಹುದು. ಡಿಪ್‌ಸ್ಟಿಕ್ ಕೂಡ ಮೂಲದ್ದೇ ಆಗಿರುತ್ತದೆಂಬ ಭರವಸೆಯಿಲ್ಲ. ಬೇರೆ ಎಂಜಿನ್ನಿನ ಕಡ್ಡಿಯನ್ನು ಸಿಕ್ಕಿಸಿದ್ದರೆ ಮಾಲೀಕರು ತಿಳಿಯದೆಯೇ ಹೆಚ್ಚು ಆಯಿಲ್ ಹಾಕುತ್ತಿರುತ್ತಾರೆ. ಹೆಚ್ಚಾದ ಆಯಿಲನ್ನು ತಿರುಗುವ ಕ್ರ್ಯಾಂಕ್ ಬಡಿದು ಸಿಲಿಂಡರಿನ ಗೋಡೆಗೆ ಎರಚುತ್ತದೆ, ರಿಂಗ್‌ಗಳು ಅದನ್ನೆಲ್ಲ ಒರೆಸಲಾರದೆ ಸೋಲುತ್ತವೆ, ಹೊಗೆ ಬರುತ್ತದೆ. ಮಾಲೀಕರು ಮತ್ತೆ ತುಂಬಿಸುತ್ತಾರೆ. ಆಯಿಲ್ ಪೂರ್ತಿ ಬಸಿದು, ಫಿಲ್ಟರ್ ಬದಲಿಸಿ, ಕೈಪಿಡಿಯಲ್ಲಿ ಹೇಳಿದ ಪ್ರಮಾಣವನ್ನು ಅಳೆದು ಹಾಕಿ, ಎಂಜಿನ್ನನ್ನು ಕೆಲವು ನಿಮಿಷ ನಡೆಸಿ, ಆಯಿಲ್ ಇಳಿದ ಮೇಲೆ ಕಡ್ಡಿಯಲ್ಲಿ ಎಲ್ಲಿಗೆ ನಿಲ್ಲುತ್ತದೆಂದು ಗುರುತಿಸಿಕೊಂಡರೆ ಈ ಸಂಶಯ ಪರಿಹಾರವಾಗುತ್ತದೆ.

ಮತ್ತೊಂದು ಮೋಸದ ಲೆಕ್ಕವನ್ನೂ ಗಮನಿಸಬೇಕು. ಪೇಟೆಯೊಳಗೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಂಜಿನ್ ಸರಿಯಾಗಿ ಬಿಸಿಯಾಗದೆ, ಸುಡದ ಪೆಟ್ರೋಲ್ ಮತ್ತು ನೀರಿನ ಆವಿ ಆಯಿಲಿನೊಳಗೆ ಸೇರುತ್ತವೆ. ಆಯಿಲ್ ಸುಟ್ಟ ಜಾಗವನ್ನು ಇವು ತುಂಬುವುದರಿಂದ ಕಡ್ಡಿಯ ಮಟ್ಟ ತಿಂಗಳುಗಟ್ಟಲೆ ಇಳಿಯುವುದೇ ಇಲ್ಲ. ಆಮೇಲೆ ಒಂದು ದಿನ ದೂರದ ಊರಿಗೆ ಹೋದಾಗ ಬಿಸಿಗೆ ಅವೆಲ್ಲ ಆವಿಯಾಗಿ ಮಟ್ಟ ಒಮ್ಮೆಲೇ ಕುಸಿಯುತ್ತದೆ. "ಒಂದೇ ಪ್ರಯಾಣದಲ್ಲಿ ಒಂದು ಲೀಟರ್ ಕುಡಿಯಿತು" ಎಂಬ ದೂರಿನ ಹಿಂದೆ ಎಷ್ಟೋ ವೇಳೆ ಆರು ತಿಂಗಳ ಬಾಕಿ ಇರುತ್ತದೆ. ಮಟ್ಟವು ಏರುತ್ತಿದ್ದು ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ, ಎಂಜಿನ್ನಿನಿಂದಲೇ ನಡೆಯುವ ಪೆಟ್ರೋಲ್ ಪಂಪಿನ ಡಯಾಫ್ರಂ ಹರಿದಿದೆಯೇ ಎಂದು ಮೊದಲು ನೋಡಬೇಕು. ಇಂತಹ ತೆಳುವಾದ ಆಯಿಲಿನಲ್ಲಿ ಎಂಜಿನ್ ಓಡಿಸುವುದು ಬೇರಿಂಗ್‌ಗಳಿಗೆ ಅಪಾಯ.

ಎಷ್ಟು ಹೋದರೆ ಅತಿಯಾದಂತೆ? ಆ ಕಾಲದ ಎಂಜಿನ್‌ಗಳು ಸ್ವಲ್ಪ ಆಯಿಲ್ ಸುಡುವುದು ಸಹಜ. 1,000 ಕಿಲೋಮೀಟರಿಗೆ ಒಂದು ಲೀಟರಿನವರೆಗೆ ಸಹಿಸಬಹುದಾದದ್ದೆಂದೂ, 500 ಕಿಲೋಮೀಟರಿಗೇ ಒಂದು ಲೀಟರ್ ಬೇಕಾದರೆ ಪರೀಕ್ಷೆ ಅಗತ್ಯವೆಂದೂ ಸ್ಥೂಲವಾಗಿ ತಿಳಿಯಬಹುದು.

3. ಹೊರದಾರಿಗಳು ಮೂರೇ

ಎಂಜಿನ್ನಿನಿಂದ ಆಯಿಲ್ ಮಾಯವಾಗಲು ದಾರಿಗಳು ಮೂರು. ಮೊದಲನೆಯದು, ಗ್ಯಾಸ್ಕೆಟ್ ಮತ್ತು ಸೀಲುಗಳ ಮೂಲಕ ಹೊರಕ್ಕೆ ಸೋರುವುದು. ಎರಡನೆಯದು, ಮೇಲಿನಿಂದ ವಾಲ್ವ್ ಗೈಡ್‌ಗಳ ಮೂಲಕ ಇಳಿದು ಸುಡುವುದು. ಮೂರನೆಯದು, ಕೆಳಗಿನಿಂದ ಪಿಸ್ಟನ್ ರಿಂಗ್‌ಗಳನ್ನು ದಾಟಿ ಏರಿ ಸುಡುವುದು. ಬೋರ್ ಹೊಡೆಸುವ ಕೆಲಸ ಮೂರನೆಯದಕ್ಕೆ ಮಾತ್ರ ಪರಿಹಾರ.

ಸಣ್ಣ ಸೋರಿಕೆಯನ್ನು ಅನೇಕರು ಕಡೆಗಣಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದರ ತೂಕ ತಿಳಿಯುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 500 ಕಿಲೋಮೀಟರ್ ಓಡಲು 10 ಗಂಟೆ, ಅಂದರೆ 36,000 ಸೆಕೆಂಡು ಬೇಕು. ಎರಡು ಸೆಕೆಂಡಿಗೊಂದು ಹನಿ ಬಿದ್ದರೆ 18,000 ಹನಿಯಾಯಿತು. ಒಂದು ಮಿಲಿಲೀಟರಿಗೆ ಸುಮಾರು 25 ಹನಿ ಎಂದು ಹಿಡಿದರೂ ಅದು 720 ಮಿಲಿಲೀಟರ್. ಕೇವಲ ಸೋರಿಕೆಯೇ ಕೊರತೆಯ ಮುಕ್ಕಾಲು ಪಾಲನ್ನು ವಿವರಿಸಬಲ್ಲದು.

ಸುಡುವಿಕೆಯ ಲೆಕ್ಕವೂ ಅಷ್ಟೇ ಸೂಕ್ಷ್ಮ. ನಿಮಿಷಕ್ಕೆ 2,000 ಸುತ್ತಿನಲ್ಲಿ ನಾಲ್ಕು ಸಿಲಿಂಡರ್‌ಗಳಲ್ಲಿ ಒಟ್ಟು 4,000 ದಹನಗಳಾಗುತ್ತವೆ. 10 ಗಂಟೆಗೆ 24 ಲಕ್ಷ. ಒಂದು ಲೀಟರಿಗೆ 25,000 ಹನಿ ಎಂದಾದರೆ, ಸುಮಾರು ನೂರು ದಹನಕ್ಕೆ ಒಂದೇ ಹನಿ ಸುಟ್ಟರೂ 500 ಕಿಲೋಮೀಟರಿಗೆ ಒಂದು ಲೀಟರ್ ಮುಗಿಯುತ್ತದೆ. ಆದ್ದರಿಂದ ಬಹಳ ಆಯಿಲ್ ಖರ್ಚಾದ ಮಾತ್ರಕ್ಕೆ ಎಂಜಿನ್ ಹಾಳಾಗಿದೆ ಎಂದು ಅರ್ಥವಲ್ಲ. ಸಣ್ಣದೊಂದು ದೋಷವೂ ಇಷ್ಟನ್ನು ಮಾಡಬಲ್ಲದು.

4. ಸೋರಿಕೆಯ ಶೋಧ

ಮೊದಲು ಎಂಜಿನ್ನನ್ನು ಚೆನ್ನಾಗಿ ತೊಳೆಸಿ ಒಣಗಿಸಬೇಕು. ಜಿಡ್ಡುಗಟ್ಟಿದ ಎಂಜಿನ್ನಿನಲ್ಲಿ ಸೋರಿಕೆಯ ಮೂಲ ತಿಳಿಯದು. ಸಂಶಯದ ಜಾಗಗಳಿಗೆ ಸೀಮೆಸುಣ್ಣದ ಪುಡಿ ಸವರಿ 30-40 ಕಿಲೋಮೀಟರ್ ಓಡಿಸಿದರೆ ಒದ್ದೆಯಾದ ಗೆರೆ ತಾನಾಗಿಯೇ ದಾರಿ ತೋರಿಸುತ್ತದೆ. ಓಡುವಾಗ ಗಾಳಿಯು ಆಯಿಲನ್ನು ಹಿಂದಕ್ಕೂ ಕೆಳಕ್ಕೂ ತಳ್ಳುವುದರಿಂದ, ಹುಡುಕಾಟ ಯಾವಾಗಲೂ ಮೇಲಿನಿಂದ ಮತ್ತು ಮುಂದಿನಿಂದ ಆರಂಭವಾಗಬೇಕು. ರಾತ್ರಿ ಕಾರಿನಡಿ ರಟ್ಟಿನ ಹಾಳೆ ಹಾಸಿದರೆ ಹನಿ ಬೀಳುವ ಸ್ಥಳವೂ ಗೊತ್ತಾಗುತ್ತದೆ.

ಬಿ.ಎಂ.ಸಿ. ಎಂಜಿನ್ನಿನಲ್ಲಿ ಮುಖ್ಯವಾಗಿ ನೋಡಬೇಕಾದವು: ಮೇಲಿನ ರಾಕರ್ ಕವರ್, ಪಕ್ಕದ ಟ್ಯಾಪೆಟ್ ಕವರ್‌ಗಳು, ಆಯಿಲ್ ಫಿಲ್ಟರಿನ ರಬ್ಬರ್ ಉಂಗುರ, ಪ್ರೆಷರ್ ಗೇಜಿಗೆ ಹೋಗುವ ಸಣ್ಣ ಕೊಳವೆ, ಮುಂದಿನ ಟೈಮಿಂಗ್ ಕವರಿನ ಸೀಲು ಮತ್ತು ತಳದ ಆಯಿಲ್ ಸಂಪಿನ ಗ್ಯಾಸ್ಕೆಟ್. ಕವರ್‌ಗಳ ಬೋಲ್ಟನ್ನು ಅತಿಯಾಗಿ ಬಿಗಿದು ತಗಡು ಸೊಟ್ಟಗಾಗಿರುವುದೇ ಎಷ್ಟೋ ಸಲ ಸೋರಿಕೆಗೆ ಕಾರಣ. ಅಂಥ ಕಡೆ ಇನ್ನಷ್ಟು ಬಿಗಿದರೆ ಹೆಚ್ಚು ಸೋರುತ್ತದೆ.

ಕ್ರ್ಯಾಂಕಿನ ಹಿಂತುದಿಯ ವಿಷಯ ಪ್ರತ್ಯೇಕ. ಇಂದಿನ ಎಂಜಿನ್‌ಗಳಂತೆ ಅಲ್ಲಿ ರಬ್ಬರ್ ಸೀಲು ಇಲ್ಲ. ಶಾಫ್ಟಿನ ಮೇಲೆ ಕೊರೆದ ಸುರುಳಿಯಾಕಾರದ ಗೀರು ತಿರುಗುವಾಗ ಆಯಿಲನ್ನು ಒಳಕ್ಕೆ ಹಿಂದಿರುಗಿಸುತ್ತದೆ. ಎಂಜಿನ್ ನಿಂತಾಗ ಈ ವ್ಯವಸ್ಥೆಯೂ ನಿಲ್ಲುವುದರಿಂದ, ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದ ಕಾರು ಹಿಂದಿನಿಂದ ನಾಲ್ಕು ಹನಿ ಸುರಿಸುವುದು ರಚನೆಯ ಗುಣವೇ ಹೊರತು ರೋಗವಲ್ಲ. ಆದರೆ ಓಡುವಾಗಲೂ ಹಿಂದಿನಿಂದ ಧಾರಾಳವಾಗಿ ಸೋರುತ್ತಿದ್ದರೆ, ಎಂಜಿನ್ ಇಳಿಸುವ ಮುನ್ನ ಬ್ರೀದರ್ ಕೊಳವೆಯನ್ನು ನೋಡಲೇಬೇಕು.

ರಿಂಗ್‌ಗಳನ್ನು ದಾಟಿ ಕೆಳಗಿಳಿದ ಅನಿಲ ಹೊರಹೋಗಲು ಈ ಕೊಳವೆಯೇ ದಾರಿ. ಅದು ಮಸಿ ಮತ್ತು ಜಿಡ್ಡಿನಿಂದ ಕಟ್ಟಿಕೊಂಡರೆ ಎಂಜಿನ್ನಿನ ಒಳಗೆ ಒತ್ತಡ ಏರಿ, ಸಿಕ್ಕ ಸಿಕ್ಕ ಸಂದಿಯಲ್ಲೆಲ್ಲ ಆಯಿಲನ್ನು ಹೊರದೂಡುತ್ತದೆ. ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಸೋರುವ ಎಂಜಿನ್ನಿನಲ್ಲಿ ಇದೇ ಮೊದಲ ಅನುಮಾನವಾಗಿರಬೇಕು. ಬ್ರೀದರ್ ಕೊಳವೆಯನ್ನೂ, ಆಯಿಲ್ ಹಾಕುವ ಮುಚ್ಚಳದೊಳಗಿನ ತಂತಿಜಾಳಿಯನ್ನೂ ಸೀಮೆಎಣ್ಣೆಯಲ್ಲಿ ತೊಳೆಯಲು ಅರ್ಧ ಗಂಟೆ ಸಾಕು. ಕೊಳವೆ ಶುದ್ಧವಾದ ಮೇಲೂ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಏಳುತ್ತಿದ್ದರೆ ರಿಂಗ್ ಸವೆದಿರುವ ಸಂಭವ ಹೆಚ್ಚು.

5. ಹೊಗೆ ಬರುವ ವೇಳೆ

ಹೊರಗೆ ಸೋರದೆ ಆಯಿಲ್ ಹೋಗುತ್ತಿದ್ದರೆ ಸೈಲೆನ್ಸರಿನ ಹೊಗೆಯನ್ನು ಓದಬೇಕು. ಕಪ್ಪು ಹೊಗೆ ಪೆಟ್ರೋಲ್ ಅತಿಯಾದದ್ದರ ಗುರುತು. ತಣ್ಣನೆಯ ಬೆಳಗಿನಲ್ಲಿ ಕಂಡು ಮಾಯವಾಗುವ ಬಿಳಿ ಹೊಗೆ ನೀರಿನ ಆವಿ. ನೀಲಿ ಹೊಗೆ ಮಾತ್ರ ಆಯಿಲಿನದು. ಆದರೆ ಬಣ್ಣಕ್ಕಿಂತ ಮುಖ್ಯವಾದದ್ದು ಅದು ಕಾಣಿಸಿಕೊಳ್ಳುವ ವೇಳೆ.

ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ಒಮ್ಮೆ ನೀಲಿ ಹೊಗೆ ಬಂದು ನಿಂತುಬಿಟ್ಟರೆ, ವಾಲ್ವ್ ಕಾಂಡದ ಗುಂಟ ಆಯಿಲ್ ಇಳಿದಿದೆ ಎಂದರ್ಥ. ಘಾಟಿ ಇಳಿಯುವಾಗ ಗೇರಿನಲ್ಲೇ ಆಕ್ಸಿಲರೇಟರ್ ಬಿಟ್ಟು ಬಂದು, ಕೆಳಗೆ ಮತ್ತೆ ಒತ್ತಿದಾಗ ಹಿಂದೆ ನೀಲಿ ಮೋಡ ಎದ್ದರೂ ಕಾರಣ ಅದೇ. ಆಕ್ಸಿಲರೇಟರ್ ಬಿಟ್ಟಾಗ ಕಾರ್ಬುರೇಟರಿನ ಕವಾಟ ಮುಚ್ಚಿ, ಮ್ಯಾನಿಫೋಲ್ಡಿನಲ್ಲಿ ಬಲವಾದ ಎಳೆತ ಉಂಟಾಗುತ್ತದೆ. ಸವೆದ ಗೈಡಿನ ಸಂದಿಯಿಂದ ಅದು ಆಯಿಲನ್ನು ಒಳಗೆ ಹೀರುತ್ತದೆ. ನಂದಿ ಬೆಟ್ಟದಂತಹ ಇಳಿಜಾರು ಈ ಪರೀಕ್ಷೆಗೆ ತಕ್ಕುದು. ಹಿಂದೆ ಮತ್ತೊಂದು ವಾಹನದಲ್ಲಿ ಒಬ್ಬರು ಬಂದು ಗಮನಿಸಿದರೆ ಒಳ್ಳೆಯದು. ಇಳಿಯುವಾಗ ಎಂಜಿನ್ ಆರಿಸುವುದಾಗಲಿ ನ್ಯೂಟ್ರಲ್ ಮಾಡುವುದಾಗಲಿ ಸರ್ವಥಾ ಕೂಡದು.

ಇದಕ್ಕೆ ವ್ಯತಿರಿಕ್ತವಾಗಿ, ಏರು ಹತ್ತುವಾಗ, ಭಾರ ಎಳೆಯುವಾಗ ನಿರಂತರವಾಗಿ ನೀಲಿ ಹೊಗೆ ಬರುತ್ತಿದ್ದರೆ ರಿಂಗ್ ಮತ್ತು ಬೋರಿನ ಕಡೆ ಬೆರಳು ತೋರಿಸಬಹುದು.

ಹಳೆಯ ಕಾರುಗಳಲ್ಲಿ ಕಾಣುವ ಆಯಿಲ್ ತುಂಬಿದ ಏರ್ ಕ್ಲೀನರನ್ನೂ ಮರೆಯುವಂತಿಲ್ಲ. ಅದರ ಬೋಗುಣಿಗೆ ಗುರುತಿಗಿಂತ ಹೆಚ್ಚು ಆಯಿಲ್ ಹಾಕಿದ್ದರೆ ಗಾಳಿಯೊಂದಿಗೆ ಅದೂ ಎಂಜಿನ್ನಿಗೆ ಹೋಗಿ ನೀಲಿ ಹೊಗೆಯಾಗುತ್ತದೆ. ಸಂಪಿನ ಮಟ್ಟ ಇಳಿಯದೆ ಹೊಗೆ ಮಾತ್ರ ಬರುತ್ತಿದ್ದರೆ ಮೊದಲು ಇದನ್ನು ನೋಡಬೇಕು.

6. ಪ್ಲಗ್ ಮತ್ತು ಕಂಪ್ರೆಷನ್ ಪರೀಕ್ಷೆ

ನಾಲ್ಕೂ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು ಸಿಲಿಂಡರಿನ ಕ್ರಮದಲ್ಲೇ ಸಾಲಾಗಿ ಇಡಬೇಕು. ಒಣಗಿದ ಮಸಿ ಪೆಟ್ರೋಲಿನದು. ಒದ್ದೆಯಾಗಿ ಹೊಳೆಯುವ ಕಪ್ಪು ಆಯಿಲಿನದು. ಒಂದೇ ಪ್ಲಗ್ ಒದ್ದೆಯಾಗಿದ್ದರೆ ಆ ಸಿಲಿಂಡರಿನಲ್ಲಿ ಮಾತ್ರ ದೋಷವಿದೆ: ತುಂಡಾದ ರಿಂಗ್ ಅಥವಾ ಸಡಿಲವಾದ ಗೈಡ್. ನಾಲ್ಕೂ ಸಮನಾಗಿ ಒದ್ದೆಯಾಗಿದ್ದರೆ ಸಾಮಾನ್ಯ ಸವೆತ.

ಬಳಿಕ ಕಂಪ್ರೆಷನ್ ಪರೀಕ್ಷೆ. ಎಂಜಿನ್ ಬಿಸಿಯಿರಬೇಕು, ಬ್ಯಾಟರಿ ಪೂರ್ಣ ಚಾರ್ಜ್ ಆಗಿರಬೇಕು, ಎಲ್ಲ ಪ್ಲಗ್‌ಗಳನ್ನು ತೆಗೆದು ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದು ಪ್ರತಿ ಸಿಲಿಂಡರಿನ ಓದನ್ನು ಬರೆದುಕೊಳ್ಳಬೇಕು. ಇಗ್ನಿಷನ್ ಕಾಯಿಲಿನ ತಂತಿಯನ್ನು ಕಳಚಿರುವುದು ಕ್ಷೇಮ. ಸಿಲಿಂಡರ್‌ಗಳ ನಡುವೆ ಶೇಕಡ 10ಕ್ಕಿಂತ ಹೆಚ್ಚು ಅಂತರ ಇರಬಾರದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದ್ದು ಅಲ್ಲಿನ ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇಕಡ 10ರಷ್ಟು ಕಡಿಮೆ. ಆದ್ದರಿಂದ ಮಂಗಳೂರಿನಲ್ಲಿ ತೋರುವ ಓದು ಬೆಂಗಳೂರಿನಲ್ಲಿ ತೋರದು. ಕೈಪಿಡಿಯ ಅಂಕಿಯೊಡನೆ ಹೋಲಿಸುವಾಗ ಈ ಅಂತರವನ್ನು ಕಳೆದು ನೋಡಬೇಕು.

ಓದು ಕಡಿಮೆಯಿರುವ ಸಿಲಿಂಡರಿಗೆ ಒಂದು ಟೀ ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಓದು ಗಣನೀಯವಾಗಿ ಏರಿದರೆ ರಿಂಗ್ ಮತ್ತು ಬೋರ್ ಸವೆದಿವೆ, ಏಕೆಂದರೆ ಹಾಕಿದ ಆಯಿಲ್ ಆ ಸಂದಿಯನ್ನು ತಾತ್ಕಾಲಿಕವಾಗಿ ಮುಚ್ಚಿದೆ. ಏರದಿದ್ದರೆ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅಕ್ಕಪಕ್ಕದ ಎರಡು ಸಿಲಿಂಡರ್‌ಗಳಲ್ಲಿ ಮಾತ್ರ ಓದು ಕುಸಿದಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು.

ಈ ಪರೀಕ್ಷೆಗೂ ಮಿತಿಯಿದೆ. ಅನಿಲವನ್ನು ತಡೆಯುವವು ಮೇಲಿನ ಕಂಪ್ರೆಷನ್ ರಿಂಗ್‌ಗಳು. ಆಯಿಲನ್ನು ಒರೆಸುವುದು ಕೆಳಗಿನ ಆಯಿಲ್ ರಿಂಗ್. ಮೇಲಿನವು ಚೆನ್ನಾಗಿದ್ದು ಆಯಿಲ್ ರಿಂಗ್ ಮಾತ್ರ ಕಿಟ್ಟಗಟ್ಟಿ ತನ್ನ ಗಾಡಿಯಲ್ಲಿ ಸಿಕ್ಕಿಕೊಂಡಿದ್ದರೆ ಕಂಪ್ರೆಷನ್ ಸರಿಯಿದ್ದೂ ಆಯಿಲ್ ಹೋಗುತ್ತದೆ. ಬಹುಕಾಲ ನಿಂತ ಕಾರುಗಳಲ್ಲಿ ಈ ಸಾಧ್ಯತೆ ಹೆಚ್ಚು. ಇದರ ಜೊತೆಗೆ ಆಯಿಲ್ ಪ್ರೆಷರನ್ನೂ ಗಮನಿಸಬೇಕು. ಎಂಜಿನ್ ಬಿಸಿಯಾದಾಗ ಪ್ರೆಷರ್ ತೀರ ಇಳಿಯುವುದಾದರೆ ಕನೆಕ್ಟಿಂಗ್ ರಾಡಿನ ಬೇರಿಂಗ್‌ಗಳು ಸಡಿಲವಾಗಿರಬಹುದು. ಸಡಿಲ ಎರಡರಷ್ಟಾದರೆ ಅಲ್ಲಿಂದ ಚಿಮ್ಮುವ ಆಯಿಲ್ ಹಲವು ಪಟ್ಟು ಹೆಚ್ಚುತ್ತದೆ. ಅಂಥ ಎಂಜಿನ್ನಿಗೆ ರಿಂಗ್ ಮಾತ್ರ ಬದಲಿಸಿದರೆ ಪ್ರಯೋಜನವಾಗದು.

7. ಅಲ್ಪ ಖರ್ಚಿನ ಚಿಕಿತ್ಸೆ ಮೊದಲು

ಪರೀಕ್ಷೆಗಳು ಗೈಡಿನ ಕಡೆ ತೋರಿಸಿದರೆ ವಾಲ್ವ್ ಕಾಂಡದ ಮೇಲಿರುವ ಚಿಕ್ಕ ರಬ್ಬರ್ ಉಂಗುರಗಳನ್ನು ಬದಲಿಸಿ ನೋಡಬೇಕು. ಬಿಸಿಗೆ ಅವು ಕಲ್ಲಿನಂತೆ ಗಟ್ಟಿಯಾಗಿ ಒಡೆಯುತ್ತವೆ. ಪ್ಲಗ್ ರಂಧ್ರದಿಂದ ಕಂಪ್ರೆಸರಿನ ಗಾಳಿ ಬಿಟ್ಟು ವಾಲ್ವನ್ನು ಮೇಲೆಯೇ ಹಿಡಿದಿಟ್ಟು, ಹೆಡ್ ಇಳಿಸದೆಯೇ ಅನುಭವಸ್ಥ ಮೆಕ್ಯಾನಿಕ್ ಈ ಕೆಲಸ ಮುಗಿಸಬಲ್ಲರು. ಸ್ಪ್ರಿಂಗ್ ತೆಗೆದಾಗ ವಾಲ್ವ್ ಅಕ್ಕಪಕ್ಕ ಅಲುಗಾಡಿದರೆ ಗೈಡನ್ನೇ ಬದಲಿಸಬೇಕು. ಅದಕ್ಕೆ ಹೆಡ್ ಮಾತ್ರ ಇಳಿಸಿದರೆ ಸಾಕು, ಬ್ಲಾಕನ್ನು ಮುಟ್ಟುವಂತಿಲ್ಲ.

ಸಿಕ್ಕಿಕೊಂಡ ರಿಂಗಿನ ಸಂಶಯವಿದ್ದರೆ ಪ್ಲಗ್ ರಂಧ್ರಗಳಿಂದ ಜಂಗು ಸಡಿಲಿಸುವ ಎಣ್ಣೆ ಬಿಟ್ಟು ಒಂದೆರಡು ದಿನ ನೆನೆಸಬಹುದು. ಪ್ಲಗ್ ಹಾಕುವ ಮುನ್ನ ಎಂಜಿನ್ನನ್ನು ತಿರುಗಿಸಿ ಉಳಿದ ದ್ರವವನ್ನು ಹೊರಹಾಕುವುದು ಕಡ್ಡಾಯ. ಇಲ್ಲವಾದರೆ ಕನೆಕ್ಟಿಂಗ್ ರಾಡ್ ಬಾಗೀತು. ಕೂಡಲೇ ಆಯಿಲ್ ಬದಲಿಸಿ, ಕೆಲವು ನೂರು ಕಿಲೋಮೀಟರ್ ಹೆದ್ದಾರಿಯಲ್ಲಿ ಪೂರ್ತಿ ಬಿಸಿಯಾಗುವಂತೆ ಓಡಿಸಿ, ಮತ್ತೊಮ್ಮೆ ಆಯಿಲ್ ಬದಲಿಸಿ, ಪುನಃ ಲೆಕ್ಕ ಇಡಬೇಕು. ವರ್ಷಗಟ್ಟಲೆ ನಿಂತ ಎಂಜಿನ್‌ಗಳು ಇಷ್ಟರಿಂದಲೇ ಸುಧಾರಿಸುವುದುಂಟು.

ಆಯಿಲಿನ ದರ್ಜೆಯೂ ಮುಖ್ಯ. ಇಂದಿನ ಕಾರುಗಳ 0ಡಬ್ಲ್ಯು-20, 5ಡಬ್ಲ್ಯು-30ರಂತಹ ತೆಳು ಆಯಿಲ್ ಈ ಎಂಜಿನ್‌ಗಳ ಸಡಿಲಿಗೆ ಹೊಂದದು; 20ಡಬ್ಲ್ಯು-40 ಅಥವಾ 20ಡಬ್ಲ್ಯು-50 ತಕ್ಕದ್ದು. ಆದರೆ ಹೊಗೆ ಮರೆಮಾಡಲು ಅಂಟುದ್ರವ ಬೆರೆಸುವುದು ಪರಿಹಾರವಲ್ಲ.

8. ಬಿಚ್ಚಲೇಬೇಕಾದಾಗ

ಎಲ್ಲ ಸಾಕ್ಷ್ಯವೂ ರಿಂಗ್ ಮತ್ತು ಬೋರಿನ ಕಡೆಗೇ ಇದ್ದರೆ ಎಂಜಿನ್ ಬಿಚ್ಚಬೇಕು. ಆಗಲೂ "ಬೋರ್ ಹೊಡೆಸಿ" ಎನ್ನುವ ಮುನ್ನ ಅಳತೆಯ ಪಟ್ಟಿ ಬೇಕು. ಸಿಲಿಂಡರ್ ಹೆಚ್ಚು ಸವೆಯುವುದು ಮೇಲಿನ ರಿಂಗ್ ತಲುಪುವ ತುದಿಯಲ್ಲಿ. ಆದ್ದರಿಂದ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಎತ್ತರಗಳಲ್ಲಿ, ಪ್ರತಿ ಎತ್ತರದಲ್ಲೂ ಎರಡು ದಿಕ್ಕಿನಲ್ಲಿ ಡಯಲ್ ಗೇಜಿನಿಂದ ಅಳೆದು, ನಾಲ್ಕು ಸಿಲಿಂಡರಿಗೆ ಒಟ್ಟು 24 ಅಂಕಿಗಳನ್ನು ಲೇತ್ ಕಾರ್ಖಾನೆಯವರು ಬರೆದುಕೊಡುವಂತೆ ಕೇಳಬೇಕು. ಸವೆತ ಮತ್ತು ಅಂಡಾಕಾರ ಕೈಪಿಡಿಯ ಮಿತಿಯೊಳಗಿದ್ದರೆ ಹೊಸ ರಿಂಗ್ ಮತ್ತು ಲಘು ಹೋನಿಂಗ್ ಸಾಕು. ಮೇಲ್ತುದಿಯ ಏಣು ತೆಗೆಯದೆ ಹೊಸ ರಿಂಗ್ ಹಾಕಿದರೆ ಅದು ಬಡಿದು ತುಂಡಾಗುತ್ತದೆ ಎಂಬುದನ್ನು ಮರೆಯಬಾರದು.

ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಕೂರಿಸಿ ಅದರ ಬಾಯಿಯ ಅಂತರವನ್ನು ಫೀಲರ್ ಗೇಜಿನಿಂದ ಅಳೆಯಬೇಕು. 73 ಮಿಲಿಮೀಟರ್ ಬೋರಿಗೆ ಹೊಸ ರಿಂಗಿನ ಅಂತರ ಸುಮಾರು 0.2ರಿಂದ 0.33 ಮಿಲಿಮೀಟರ್ ಇರುತ್ತದೆ.

ಬೋರ್ ಹೊಡೆಸುವುದು ಅನಿವಾರ್ಯವಾದರೆ ಮೊದಲು ಪಿಸ್ಟನ್ ಕೊಳ್ಳಬೇಕು, ಆಮೇಲೆ ಬ್ಲಾಕನ್ನು ಲೇತಿಗೆ ಕೊಡಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿಯೂ ಬೇಕಾದ ಸೈಜ್ ಸಿಗುವ ಖಾತರಿಯಿಲ್ಲ. ಇಪ್ಪತ್ತಕ್ಕೆ ಕೊರೆಸಿದ ಮೇಲೆ ಮೂವತ್ತರ ಪಿಸ್ಟನ್ ಮಾತ್ರ ದೊರೆತರೆ ಎರಡು ಕಂತು ಒಮ್ಮೆಗೇ ಕಳೆದಂತೆ. ಕೈಗೆ ಬಂದ ಪಿಸ್ಟನ್ನನ್ನು ಅಳೆದು ಅದಕ್ಕೆ ತಕ್ಕಂತೆ ಕೊರೆಯುವುದೇ ಸರಿಯಾದ ಪದ್ಧತಿ. ಜೋಡಿಸಿದ ಹೊಸದರಲ್ಲಿ ಎಂಜಿನ್ನನ್ನು ಗಂಟೆಗಟ್ಟಲೆ ನಿಂತಲ್ಲೇ ನಡೆಸಬಾರದು. ಭಾರವಿಲ್ಲದೆ ನಡೆದರೆ ಸಿಲಿಂಡರಿನ ಗೋಡೆ ಗಾಜಿನಂತೆ ನುಣುಪಾಗಿ ರಿಂಗ್ ಕೂರದೆ, ಮಾಡಿದ ಖರ್ಚೆಲ್ಲ ವ್ಯರ್ಥವಾಗಿ ಆಯಿಲ್ ಮತ್ತೆ ಹೋಗುತ್ತದೆ.

9. ಖರ್ಚಿನ ತುಲನೆ

ಉದಾಹರಣೆಗೆ ಒಂದು ಕಾರು 500 ಕಿಲೋಮೀಟರಿಗೆ ಒಂದು ಲೀಟರ್ ಬೇಡುತ್ತದೆ, ವರ್ಷಕ್ಕೆ 2,000 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳೋಣ. ವರ್ಷಕ್ಕೆ 4 ಲೀಟರ್ ಬೇಕು. ಸಹಿಸಬಹುದಾದ 2 ಲೀಟರ್ ಕಳೆದರೆ ಹೆಚ್ಚುವರಿ 2 ಲೀಟರ್. ಲೀಟರಿಗೆ 400 ರೂಪಾಯಿ ಎಂದು ಭಾವಿಸಿದರೆ 800 ರೂಪಾಯಿ. ಎಂಜಿನ್ ಪೂರ್ಣ ದುರಸ್ತಿಗೆ 60,000 ರೂಪಾಯಿ ಎಂದು ಹಿಡಿದರೆ, ಆಯಿಲಿನ ಉಳಿತಾಯದಿಂದ ಅದು ಮರಳಲು 75 ವರ್ಷ ಬೇಕು. ಅದೇ ಕಾರು ವರ್ಷಕ್ಕೆ 20,000 ಕಿಲೋಮೀಟರ್ ಓಡಿದರೆ ಹೆಚ್ಚುವರಿ 20 ಲೀಟರ್, 8,000 ರೂಪಾಯಿ. ಏಳೂವರೆ ವರ್ಷದಲ್ಲಿ ಮರಳುತ್ತದೆ.

ಇದರ ಅರ್ಥ ದುರಸ್ತಿ ಬೇಡವೆಂದಲ್ಲ. ಆಯಿಲ್ ಉಳಿತಾಯವೊಂದೇ ದುರಸ್ತಿಗೆ ಸಮರ್ಥನೆಯಾಗಲಾರದು ಎಂದು ಮಾತ್ರ. ಪ್ಲಗ್ ಪದೇ ಪದೇ ಕೆಡುವುದು, ಹೊಗೆಯಿಂದ ಇತರರಿಗೆ ತೊಂದರೆಯಾಗುವುದು, ದಾರಿಯಲ್ಲಿ ಆಯಿಲ್ ಮುಗಿದು ಬೇರಿಂಗ್ ಸುಡುವ ಅಪಾಯ, ತುಂಡಾದ ರಿಂಗ್ ಬೋರನ್ನು ಗೀರುವ ಭಯ ಇವು ನಿಜವಾದ ಕಾರಣಗಳು. ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಡಿಕ್ಕಿಯಲ್ಲಿ ಒಂದು ಡಬ್ಬಿ ಆಯಿಲ್ ಇಟ್ಟುಕೊಂಡು ಲೆಕ್ಕ ಬರೆಯುತ್ತ ಹೋಗುವುದೂ ವಿವೇಕದ ತೀರ್ಮಾನವೇ.

ಕಾರು ವ್ಯವಹಾರದ ಲೆಕ್ಕಪುಸ್ತಕದಲ್ಲಿದ್ದರೆ ಮತ್ತೊಂದು ಅಂಶ ನೆನಪಿಡಬೇಕು. ಸಾಮಾನ್ಯ ವರ್ತಕರಿಗೆ ಪ್ರಯಾಣಿಕ ಕಾರುಗಳ ದುರಸ್ತಿಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಇನ್‌ಪುಟ್ ತೆರಿಗೆ ಜಮೆ ದೊರೆಯದು. ಆದ್ದರಿಂದ ತುಲನೆಯಲ್ಲಿ ತೆರಿಗೆ ಸೇರಿದ ಪೂರ್ಣ ಮೊತ್ತವನ್ನೇ ಹಿಡಿಯಬೇಕು. ಸ್ವಂತ ಬಳಕೆಯ ಪಾಲನ್ನು ವ್ಯವಹಾರದ ಖರ್ಚಾಗಿ ತೋರಿಸುವಂತಿಲ್ಲ. ಬಿಲ್ಲಿನೊಂದಿಗೆ ಅಳತೆಯ ಪಟ್ಟಿ ಮತ್ತು ಬದಲಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆಯುವುದು ಉತ್ತಮ.

10. ಕಾರ್ಖಾನೆಗೂ ಇದೇ ಪಾಠ

ಸಣ್ಣ ಕೈಗಾರಿಕೆಗಳ ಹಳೆಯ ಡೀಸೆಲ್ ಜನರೇಟರ್‌ಗಳಿಗೂ ಈ ಕ್ರಮ ಬಹುಮಟ್ಟಿಗೆ ಹೊಂದುತ್ತದೆ. ಅಲ್ಲಿ ಕಿಲೋಮೀಟರಿನ ಬದಲು ನಡೆದ ಗಂಟೆಗಳ ಲೆಕ್ಕ ಇಡಬೇಕು. ಬಹುಕಾಲ ಕಡಿಮೆ ಭಾರದಲ್ಲಿ ನಡೆಯುವ ಜನರೇಟರಿನಲ್ಲಿ ಬೋರ್ ನುಣುಪಾಗಿ ಆಯಿಲ್ ಹೋಗುವುದು ಸಾಮಾನ್ಯ. ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಇಂಧನವಾಗಿ ಸುಡತೊಡಗಿದರೆ ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ಅಂಕೆ ಮೀರಿ ಓಡುವ ಅಪಾಯವಿದೆ; ಅಲ್ಲಿ ಉದಾಸೀನ ಸಲ್ಲದು.

ಒಟ್ಟಾರೆ ಹೇಳುವುದಾದರೆ, ಆಯಿಲ್ ಕೊರತೆ ಒಂದು ಲಕ್ಷಣವೇ ಹೊರತು ರೋಗದ ಹೆಸರಲ್ಲ. ಎಷ್ಟು ಹೋಗುತ್ತಿದೆ, ಯಾವ ದಾರಿಯಿಂದ ಹೋಗುತ್ತಿದೆ, ಯಾವ ವೇಳೆಯಲ್ಲಿ ಹೋಗುತ್ತಿದೆ ಎಂಬ ಮೂರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಇಲ್ಲದೆ ಮಾಲೀಕರು ಬ್ಲಾಕನ್ನು ಲೇತಿಗೆ ಕಳುಹಿಸಬಾರದು. ಕೊರೆದು ತೆಗೆದ ಕಬ್ಬಿಣವನ್ನು ಮತ್ತೆ ಜಮಾ ಮಾಡಲು ಯಾವ ಖಾತೆಯಲ್ಲೂ ಅವಕಾಶವಿಲ್ಲ.